ಸಂಖ್ಯೆಯಾಗಿ ಉಳಿದ ಸಿಪಾಯಿಗಳು

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನಲ್ಲಿ ಕರಜಗಿ ಎಂಬ ಊರೊಂದಿದೆ. ಹಾವೇರಿಯ ಸಮೀಪದ ಕರಜಗಿ ಬೇರೆ, ಇದು ಬೇರೆ. ಆ ಸೀಮೆಯಲ್ಲಿ ಕಚೇರಿಯ ಮಾತು ಮರಾಠಿ. ಮನೆಯ, ಹೊಲದ, ಸಂತೆಯ ಮಾತು ಕನ್ನಡ. ಕಾಸರಗೋಡಿನವರಾದ ನಮಗೆ ಈ ಸ್ಥಿತಿಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಒಪ್ಪಿಸಿದ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಬಡಗಣ ಭಾಗವನ್ನೂ ಅಕ್ಕಲಕೋಟೆ ತಾಲೂಕನ್ನೂ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಒಂದೇ ವರದಿಯಲ್ಲಿ ಹೇಳಿತು. ಎರಡೂ ಸೇರಲಿಲ್ಲ. ನಾವು ಕೇರಳದಲ್ಲಿ ಉಳಿದೆವು, ಅವರು ಮಹಾರಾಷ್ಟ್ರದಲ್ಲಿ ಉಳಿದರು. ಒಂದೇ ಕಡತದಲ್ಲಿ ಹೆಸರು ಬಂದವರು ಎಂಬ ನಂಟಾದರೂ ನಮ್ಮ ನಡುವೆ ಇದೆ.

ಅಂತಹ ಗಡಿಸೀಮೆಯೂ ಸೇರಿದಂತೆ ದಖ್ಖನದ ಜಿಲ್ಲೆಗಳಿಂದ ಜನ ಕೂಡಿಸಿಕೊಂಡು, ಮೊದಲನೆಯ ಮಹಾಯುದ್ಧದಲ್ಲಿ ಕಡಲಾಚೆಗೆ ಹೋದ ಒಂದು ಕಾಲಾಳು ಪಲ್ಟನಿನ ಸಂಗತಿಯನ್ನು ಇಲ್ಲಿ ಹೇಳಬೇಕೆಂದಿದ್ದೇವೆ. ಅದರ ಹೆಸರು 110ನೇ ಮರಾಠಾ ಲೈಟ್ ಇನ್‌ಫೆಂಟ್ರಿ. ಮೈಸೂರಿನ ಅಶ್ವದಳ 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಸಂಗತಿ ಹಲವರಿಗೆ ಗೊತ್ತು. ದೆಹಲಿಯ ತೀನ್‌ಮೂರ್ತಿಯಲ್ಲಿ ಅದಕ್ಕೆ ಸ್ಮಾರಕವೂ ಇದೆ. 110ನೆಯ ಪಲ್ಟನಿಗೆ ಆ ಭಾಗ್ಯ ಇರಲಿಲ್ಲ. ಅದರ ಪಾಲಿಗೆ ಬಂದದ್ದು ಗೆಲುವಲ್ಲದೆ ಮುತ್ತಿಗೆ, ಹಸಿವು, ಸೆರೆ. ಸತ್ತ ಮೇಲೆ ಅದರ ಸಿಪಾಯಿಗಳಿಗೆ ಸಿಕ್ಕಿದ್ದು ಕಲ್ಲಿನ ಮೇಲೆ ಒಂದು ಅಂಕಿ.

ಪಲ್ಟನ್ ಹುಟ್ಟಿದ ಬಗೆ

ಈ ಪಲ್ಟನ್ ಹುಟ್ಟಿದ್ದು 1797ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸೈನ್ಯದಲ್ಲಿ. ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದಲ್ಲಿ ಮಡಿಯುವುದಕ್ಕೆ ಎರಡು ವರ್ಷ ಮೊದಲು. 1824ರಲ್ಲಿ ಅದು 10ನೇ ಮುಂಬಯಿ ದೇಶೀಯ ಪಲ್ಟನ್ ಎನಿಸಿತು. 1903ರಲ್ಲಿ ಇಡೀ ಸೈನ್ಯದ ಅಂಕಿಗಳನ್ನು ಹೊಸದಾಗಿ ಜೋಡಿಸಿದಾಗ ಹಳೆಯ ಹತ್ತಕ್ಕೆ ನೂರು ಕೂಡಿಸಿ 110 ಮಾಡಿದರು. ಹೀಗೆ ಪಲ್ಟನಿಗೂ ಒಂದು ಸಂಖ್ಯೆಯೇ ಹೆಸರಾಯಿತು.

ಇದರಲ್ಲಿ ಇದ್ದವರು ಬಹುಪಾಲು ಕೊಂಕಣದ ಮತ್ತು ದಖ್ಖನದ ಮರಾಠರು, ಅವರೊಂದಿಗೆ ದಖ್ಖನಿ ಮುಸಲ್ಮಾನರು. ಬ್ರಿಟಿಷ್ ಸೈನ್ಯವು ಜನರನ್ನು ಜಾತಿಯಿಂದ ಗುರುತಿಸಿ ಸೇರಿಸಿಕೊಳ್ಳುತ್ತಿತ್ತು, ಭಾಷೆಯಿಂದಲ್ಲ. ‘ಮರಾಠಾ’ ಎಂಬುದು ಆ ಲೆಕ್ಕದಲ್ಲಿ ಜಾತಿಯ ಹೆಸರು. ಬೆಳಗಾವಿ, ವಿಜಾಪುರ, ಸೊಲ್ಲಾಪುರಗಳ ಕಡೆ ಮರಾಠರೆನಿಸಿಕೊಂಡ ಎಷ್ಟೋ ಮನೆತನಗಳು ಕನ್ನಡದಲ್ಲಿಯೇ ಬೇಸಾಯ ಮಾಡುತ್ತವೆ, ಕನ್ನಡದಲ್ಲಿಯೇ ವ್ಯಾಪಾರ ಮಾಡುತ್ತವೆ. ದಖ್ಖನಿ ಮುಸಲ್ಮಾನರ ಮನೆಗಳಲ್ಲಿಯೂ ಹೊರಗಿನ ವ್ಯವಹಾರಕ್ಕೆ ಕನ್ನಡವಿದೆ. ನಮ್ಮ ಓದುಗರಿಗೆ ಇದು ಸುಲಭವಾಗಿ ತಿಳಿಯುವ ಮಾತು. ನಮ್ಮ ಜಿಲ್ಲೆಯ ಮರಾಟಿ ಸಮಾಜದವರನ್ನೇ ನೋಡಿ: ಮನೆಮಾತು ಮರಾಠಿಯ ಒಂದು ಬಗೆ, ಶಾಲೆಯಲ್ಲಿ ಕಲಿತದ್ದು ಕನ್ನಡ, ನೆರೆಯವರೊಡನೆ ತುಳು, ಕಚೇರಿಯಲ್ಲಿ ಮಲಯಾಳ. ಅವರನ್ನು ಯಾವ ಅಂಕಣದಲ್ಲಿ ಬರೆಯುವುದು? ಗಡಿಯ ಜನ ಯಾವ ಪಟ್ಟಿಗೂ ಪೂರ್ತಿ ಹೊಂದುವವರಲ್ಲ. ಪಟ್ಟಿ ಬರೆಯುವವನು ತನಗೆ ಬೇಕಾದುದನ್ನು ಬರೆದುಕೊಳ್ಳುತ್ತಾನೆ, ಉಳಿದುದು ಬಿಟ್ಟುಹೋಗುತ್ತದೆ. 110ನೆಯ ಪಲ್ಟನಿನಲ್ಲಿ ಕನ್ನಡ ಆಡುತ್ತಿದ್ದವರ ಲೆಕ್ಕವೂ ಹೀಗೆಯೇ ಬಿಟ್ಟುಹೋಯಿತು.

ಬೆಳಗಾವಿಯ ಹೆಸರಿನ ದಂಡು

1914ರಲ್ಲಿ ಒಬ್ಬ ಸಿಪಾಯಿಯ ತಿಂಗಳ ಸಂಬಳ 11 ರೂಪಾಯಿ. ಮಳೆ ನೆಚ್ಚಲಾಗದ ದಖ್ಖನದ ರೈತನಿಗೆ ಅದು ಸಣ್ಣ ಮೊತ್ತವಾಗಿರಲಿಲ್ಲ. ಅಣ್ಣ ಹೊಲ ನೋಡಿಕೊಂಡರೆ ತಮ್ಮ ದಂಡಿಗೆ ಸೇರುವುದು ಆ ಕಡೆಯ ರೂಢಿಯಾಗಿತ್ತು. ಜರ್ಮನಿಯ ಕೈಸರನ ಮೇಲೆ ಅವರಿಗೆ ಹಗೆಯಿರಲಿಲ್ಲ. ತುರ್ಕಿಯ ಸುಲ್ತಾನನು ಯಾರೆಂಬುದೂ ಹೆಚ್ಚಿನವರಿಗೆ ತಿಳಿದಿರಲಾರದು.

ತುರ್ಕಿಯೊಡನೆ ಬ್ರಿಟಿಷರು ಯುದ್ಧ ಸಾರಿದ್ದು 1914ರ ನವೆಂಬರ್ 5ರಂದು. ಇಂದಿನ ಇರಾಕ್ ಆಗ ತುರ್ಕಿಯ ಆಡಳಿತದಲ್ಲಿತ್ತು. ಯುರೋಪಿನವರು ಅದನ್ನು ಮೆಸೊಪೊಟೇಮಿಯ ಎನ್ನುತ್ತಿದ್ದರು. ಅದರ ಪಕ್ಕದಲ್ಲಿ, ಪರ್ಶಿಯದ ಅಬಾದಾನಿನಲ್ಲಿ, ಇಂಗ್ಲಿಷರ ಎಣ್ಣೆ ಶುದ್ಧಿ ಮಾಡುವ ಕಾರ್ಖಾನೆಯಿತ್ತು. ಬ್ರಿಟಿಷ್ ನೌಕಾಪಡೆ ಕಲ್ಲಿದ್ದಲು ಬಿಟ್ಟು ಎಣ್ಣೆಗೆ ತಿರುಗುತ್ತಿದ್ದ ಕಾಲವದು. ಆ ಎಣ್ಣೆಯ ರಕ್ಷಣೆಗೆಂದು ಭಾರತದಿಂದ ದಂಡು ಹೊರಟಿತು.

ಹೋದದ್ದು 6ನೆಯ ಅಥವಾ ಪುಣೆ ಡಿವಿಜನ್. ಅದರೊಳಗಿನ 18ನೆಯ ಬ್ರಿಗೇಡಿನ ಹೆಸರು ಬೆಳಗಾವಿ ಬ್ರಿಗೇಡ್. ಇಂಗ್ಲೆಂಡಿನ ನಾರ್ಫೋಕ್ ರೆಜಿಮೆಂಟಿನ ಒಂದು ಪಲ್ಟನ್, ಎರಡು ರಜಪೂತ ಪಲ್ಟನುಗಳು, ನಮ್ಮ 110ನೆಯ ಮರಾಠಾ ಪಲ್ಟನ್ ಇವು ನಾಲ್ಕು ಸೇರಿ ಆ ಬ್ರಿಗೇಡ್. ಹೀಗೆ ಕನ್ನಡ ನಾಡಿನ ಒಂದು ಊರಿನ ಹೆಸರು ತೈಗ್ರಿಸ್ ನದಿಯ ದಂಡೆಗೆ ಹೋಯಿತು.

ಬಸ್ರಾ ನಗರ ನವೆಂಬರಿನಲ್ಲಿಯೇ ಕೈವಶವಾಯಿತು. ಡಿಸೆಂಬರ್ 9ರಂದು ಖುರ್ನಾ ಶರಣಾಯಿತು. ತೈಗ್ರಿಸ್, ಯೂಫ್ರೆಟಿಸ್ ನದಿಗಳು ಕೂಡುವ ಸ್ಥಳವದು. ಆದಿಮಾನವನಾದ ಆದಮನ ಉದ್ಯಾನ ಅಲ್ಲಿತ್ತೆಂದು ಸ್ಥಳೀಯರ ನಂಬಿಕೆ. ಸಿಪಾಯಿಗಳು ಕಂಡದ್ದು ಕೆಸರು, ನೊಣ, ನೆರೆ. 1915ರ ಏಪ್ರಿಲ್ 12ರಿಂದ 14ರ ತನಕ ಬಸ್ರಾದ ಸಮೀಪ ಶೈಬಾ ಎಂಬಲ್ಲಿ ದೊಡ್ಡ ಕಾಳಗ ನಡೆಯಿತು. 110ನೆಯ ಪಲ್ಟನ್ ಅದರಲ್ಲಿಯೂ ಕಾದಿತು. ಗೆಲುವು ಬ್ರಿಟಿಷರದಾಯಿತು, ಆ ಗೆಲುವೇ ಮುಂದಿನ ಅನರ್ಥಕ್ಕೆ ಮೂಲವಾಯಿತು. ಸೇನಾಪತಿ ನಿಕ್ಸನ್ನನಿಗೆ ಬಗ್ದಾದಿನ ಆಸೆ ಹುಟ್ಟಿತು. ಎಣ್ಣೆಯ ರಕ್ಷಣೆಗೆಂದು ಬಂದ ದಂಡು ನದಿಯಗುಂಟ ಮೇಲಕ್ಕೆ, ಮತ್ತಷ್ಟು ಮೇಲಕ್ಕೆ ಹೋಗತೊಡಗಿತು.

ದಂಡನ್ನು ನಡೆಸಿದವನು ಜನರಲ್ ಟೌನ್‌ಸೆಂಡ್. ಸೆಪ್ಟೆಂಬರ್ 28ರಂದು ಕೂತ್ ಎಂಬ ಪಟ್ಟಣ ಸಿಕ್ಕಿತು. ನವೆಂಬರ್ 22ರಂದು ಬಗ್ದಾದಿನಿಂದ ಸುಮಾರು 25 ಮೈಲಿ ಈಚೆ, ಪರ್ಶಿಯದ ಹಳೆಯ ಅರಸರ ಕಮಾನು ಇಂದಿಗೂ ನಿಂತಿರುವ ಟೆಸಿಫೋನಿನಲ್ಲಿ, ತುರ್ಕರು ಎದುರಾದರು. ಕಾಳಗದಲ್ಲಿ ಸತ್ತವರು, ಗಾಯಗೊಂಡವರು ಸೇರಿ 4,500ಕ್ಕೂ ಹೆಚ್ಚು. ಗಾಯಾಳುಗಳನ್ನು ಸಾಗಿಸಲು ಕಂಪನಕ್ಕೆ ತಡೆಯಿಲ್ಲದ ಬಂಡಿಗಳೇ ಗತಿಯಾದವು. ಅಲ್ಲಿಂದ ಅವರನ್ನು ದೋಣಿಗಳಲ್ಲಿ ಒತ್ತೊತ್ತಾಗಿ ಮಲಗಿಸಿ ದಿನಗಟ್ಟಲೆ ನದಿಯಲ್ಲಿ ಕಳಿಸಿದರು. ಈ ಅವ್ಯವಸ್ಥೆಯ ವಿಚಾರಣೆಗೆ ಬ್ರಿಟಿಷ್ ಸರಕಾರವು ಆಯೋಗ ನೇಮಿಸಬೇಕಾಯಿತು. ಆಯೋಗದ ವರದಿ 1917ರಲ್ಲಿ ಹೊರಬಿದ್ದಾಗ ಭಾರತ ಮಂತ್ರಿಯಾಗಿದ್ದ ಆಸ್ಟೆನ್ ಚೇಂಬರ್ಲೇನ್ ರಾಜೀನಾಮೆ ಕೊಟ್ಟ.

ಕೂತಿನ ಮುತ್ತಿಗೆ

ಟೌನ್‌ಸೆಂಡ್ ಹಿಂದೆ ಸರಿದು ಡಿಸೆಂಬರ್ 3ರಂದು ಕೂತಿಗೆ ಬಂದ. ತೈಗ್ರಿಸ್ ನದಿ ಕುದುರೆ ಲಾಳದಂತೆ ಬಳಸಿಕೊಂಡು ಹೋಗುವಲ್ಲಿ ಕೂತ್ ಪಟ್ಟಣವಿದೆ. ಮೂರು ಕಡೆ ನೀರು, ಒಂದು ಕಡೆ ಬಯಲು. ಡಿಸೆಂಬರ್ 7ರಂದು ತುರ್ಕರು ಮುತ್ತಿಗೆ ಹಾಕಿದರು.

ನದಿಯ ಆಚೆ ದಡದಲ್ಲಿ ಸಣ್ಣ ಹಳ್ಳಿಯೊಂದಿತ್ತು. ಅಲ್ಲಿ ಉಣ್ಣೆಯನ್ನು ಒತ್ತಿ ಮೂಟೆ ಕಟ್ಟುವ ಯಂತ್ರವಿದ್ದುದರಿಂದ ಇಂಗ್ಲಿಷರು ಅದನ್ನು ‘ವೂಲ್‌ಪ್ರೆಸ್ ಹಳ್ಳಿ’ ಎಂದು ಕರೆದರು. ಅದು ವೈರಿಯ ಕೈಸೇರಿದರೆ ಪಟ್ಟಣ ಉಳಿಯುವಂತಿರಲಿಲ್ಲ. ಆ ಹಳ್ಳಿಯನ್ನು ಕಾಯಲು ನಿಂತವರು 110ನೆಯ ಮರಾಠರು ಮತ್ತು 120ನೆಯ ರಜಪೂತಾನ ಪಲ್ಟನಿನವರು. ಹಿಂದೆ ನದಿ, ಮುಂದೆ ತುರ್ಕರ ಕಂದಕ. ಪಟ್ಟಣಕ್ಕೂ ಅವರಿಗೂ ನಡುವೆ ಹೋಗಿಬರುವುದು ಕತ್ತಲಾದ ಮೇಲೆ ದೋಣಿಯಲ್ಲಿ ಮಾತ್ರ. ಮುತ್ತಿಗೆಯ ಒಳಗೆ ಇನ್ನೊಂದು ಮುತ್ತಿಗೆ ಎನ್ನಬೇಕು. ಸುಮಾರು ಐದು ತಿಂಗಳು ಕಳೆದರೂ ಆ ಹಳ್ಳಿ ವೈರಿಯ ಕೈಗೆ ಬೀಳಲಿಲ್ಲ.

ಆಯುಧಕ್ಕಿಂತ ಹೆಚ್ಚು ಕೊಂದದ್ದು ಹಸಿವು. ದಂಡಲ್ಲದೆ ಪಟ್ಟಣದಲ್ಲಿ ಸುಮಾರು ಆರು ಸಾವಿರ ಅರಬ ನಿವಾಸಿಗಳೂ ಇದ್ದರು. ಗೋದಿ ಮುಗಿಯುತ್ತಾ ಬಂದಾಗ ಜವೆಯಿತ್ತು. ಬೀಸುವುದಕ್ಕೆ ಸಾಕಷ್ಟು ಕಲ್ಲುಗಳಿರಲಿಲ್ಲ. ಆಗ ವಿಮಾನದಿಂದ ಬೀಸುಕಲ್ಲುಗಳನ್ನು ಕೆಳಕ್ಕೆ ಹಾಕಿದರು. ವಿಮಾನ ಎಂಬ ವಸ್ತುವನ್ನು ಹಿಂದೆಂದೂ ಕಾಣದ ದಖ್ಖನದ ಸಿಪಾಯಿಗೆ ಅದು ಹೊತ್ತು ತಂದದ್ದು ತನ್ನ ಮನೆಯ ಮೂಲೆಯಲ್ಲಿದ್ದ ಬೀಸುಕಲ್ಲಿನಂಥದೇ ಕಲ್ಲು. ಕೊನೆಯ ವಾರಗಳಲ್ಲಿ ಹಿಟ್ಟಿನ ಚೀಲಗಳನ್ನೂ ವಿಮಾನದಿಂದ ಉದುರಿಸಿದರು. ಕೆಲವು ನದಿಗೆ ಬಿದ್ದವು, ಕೆಲವು ತುರ್ಕರ ಪಾಲಾದವು. ಬಿದ್ದಷ್ಟು ಏತಕ್ಕೂ ಸಾಲಲಿಲ್ಲ.

ಬಂಡಿಯ ಕುದುರೆಗಳನ್ನೂ ಹೇಸರಗತ್ತೆಗಳನ್ನೂ ಕೊಂದು ಮಾಂಸ ಹಂಚಿದರು. ಇಂಗ್ಲಿಷ್ ಸಿಪಾಯಿಗಳು ತಿಂದರು. ಭಾರತೀಯ ಸಿಪಾಯಿಗಳಲ್ಲಿ ಹೆಚ್ಚಿನವರು ಬಹುಕಾಲ ಮುಟ್ಟಲಿಲ್ಲ. ಭಾರತದಿಂದ ಧರ್ಮಗುರುಗಳ ಅನುಮತಿಯನ್ನು ತಂತಿಯ ಮೂಲಕ ತರಿಸಿ ಸಾರಿದರು. ಆದರೂ ಹಿಂಜರಿದರು. ಇದನ್ನು ಕೆಲವು ಇಂಗ್ಲಿಷ್ ಲೇಖಕರು ಮೂಢತನವೆಂದು ಬರೆದಿದ್ದಾರೆ. ಸಿಪಾಯಿಯ ಕಡೆಯಿಂದ ನೋಡಿದರೆ ಬೇರೆ ಕಾಣುತ್ತದೆ. ಊರಿಗೆ ಹೋದ ಮೇಲೆ ಪಂಕ್ತಿಯಲ್ಲಿ ಕೂರಿಸಿಕೊಳ್ಳುವರೇ, ಮಗಳಿಗೆ ಸಂಬಂಧ ಸಿಕ್ಕೀತೇ ಎಂಬ ಚಿಂತೆ ಅವನಿಗಿತ್ತು. ಊರಿಗೆ ಹೋಗುವೆನೆಂಬ ಆಸೆ ಇದ್ದುದರಿಂದಲೇ ಆ ಚಿಂತೆ. ಏಪ್ರಿಲ್ ನಡುಭಾಗದ ಹೊತ್ತಿಗೆ ಹಲವರು ತಿನ್ನತೊಡಗಿದರು. ಅಷ್ಟರಲ್ಲಿ ರಕ್ತಪಿತ್ತ ರೋಗ, ಅತಿಸಾರಗಳಿಂದ ದಿನವೂ ಸಾವು ಬರುತ್ತಿತ್ತು. ಹಸುರು ತರಕಾರಿಯಿಲ್ಲದೆ ಬಯಲಿನ ಸೊಪ್ಪುಸದೆಗಳನ್ನು ಕಿತ್ತು ಬೇಯಿಸಿ ತಿಂದರು.

ಮುತ್ತಿಗೆ ಬಿಡಿಸಲು ಹೊರಗಿನಿಂದ ಬಂದ ದಂಡು ಜನವರಿಯಿಂದ ಏಪ್ರಿಲ್ ತನಕ ಶೇಖ್ ಸಾದ್, ಹನ್ನಾ, ದುಜೈಲಾ, ಸನ್ನೈಯಾತ್ ಎಂಬಲ್ಲಿ ಮತ್ತೆ ಮತ್ತೆ ಕಾದಿ ಸೋತಿತು. ಒಳಗಿನವರನ್ನು ಬಿಡಿಸಲು ಹೋಗಿ ಸತ್ತು, ಗಾಯಗೊಂಡವರ ಸಂಖ್ಯೆ ಸುಮಾರು 23,000. ತುರ್ಕರಿಗೆ ಹಣ ಕೊಟ್ಟು ದಂಡನ್ನು ಬಿಡಿಸಿಕೊಳ್ಳುವ ಮಾತುಕತೆಯೂ ನಡೆದು ಮುರಿಯಿತು. 1916ರ ಏಪ್ರಿಲ್ 29ರಂದು ಕೂತ್ ಶರಣಾಯಿತು.

ಸೆರೆಯಾದವರು ಒಟ್ಟು ಸುಮಾರು 13,000. ಅವರಲ್ಲಿ ಸುಮಾರು 10,000 ಮಂದಿ ಭಾರತೀಯರು. ಈ ಹತ್ತು ಸಾವಿರದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿ ಬಂದೂಕು ಹಿಡಿದವರಲ್ಲ. ನೀರು ಹೊರುವ ಭಿಸ್ತಿಗಳು, ಅಡುಗೆಯವರು, ಡೋಲಿ ಹೊರುವವರು, ಪ್ರಾಣಿಗಳನ್ನು ನೋಡಿಕೊಳ್ಳುವವರು.

ಹಸಿದವರನ್ನು ಬಿಸಿಲಿನಲ್ಲಿ ನೂರಾರು ಮೈಲಿ ನಡೆಸಿದರು. ಬಗ್ದಾದ್, ಮೋಸುಲ್ ದಾಟಿ ರಾಸ್ ಅಲ್ ಐನ್ ಎಂಬಲ್ಲಿಗೆ ಒಯ್ದು, ಜರ್ಮನರು ಕಟ್ಟಿಸುತ್ತಿದ್ದ ಬಗ್ದಾದ್ ರೈಲುದಾರಿಯ ಕೆಲಸಕ್ಕೆ ಹಚ್ಚಿದರು. ಸುಮಾರು 2,600 ಇಂಗ್ಲಿಷ್ ಸಿಪಾಯಿಗಳಲ್ಲಿ 1,700ಕ್ಕೂ ಹೆಚ್ಚು ಮಂದಿ ಸೆರೆಯಲ್ಲಿ ಸತ್ತರು. ಭಾರತೀಯರಲ್ಲಿ ಸತ್ತವರು, ಪತ್ತೆಯಿಲ್ಲದೆ ಹೋದವರು ಎರಡು ಸಾವಿರಕ್ಕೂ ಮಿಕ್ಕಿದ್ದರು. ಜನರಲ್ ಟೌನ್‌ಸೆಂಡನನ್ನು ಇಸ್ತಾಂಬುಲ್ ಸಮೀಪದ ದ್ವೀಪದಲ್ಲಿ ಬಂಗಲೆ ಕೊಟ್ಟು ಗೌರವದಿಂದ ಇರಿಸಿದ್ದರು. ಸೆರೆಯಲ್ಲಿದ್ದಾಗಲೇ ಅವನಿಗೆ ‘ಸರ್’ ಪದವಿಯೂ ಬಂತು.

ಈ ಸೆರೆವಾಸದ ವೃತ್ತಾಂತವನ್ನು ಭಾರತೀಯನೊಬ್ಬನೇ ಬರೆದ ಪುಸ್ತಕ ಬಂಗಾಳಿಯಲ್ಲಿದೆ. ಬಂಗಾಳದ ಶುಶ್ರೂಷಾ ದಳದೊಂದಿಗೆ ಹೋಗಿ ಕೂತಿನಲ್ಲಿ ಸಿಕ್ಕಿಬಿದ್ದ ಶಿಶಿರ್ ಪ್ರಸಾದ್ ಸರ್ಬಾಧಿಕಾರಿ ತನ್ನ ಅನುಭವವನ್ನು ‘ಅಭಿ ಲೇ ಬಗ್ದಾದ್’ ಎಂಬ ಹೆಸರಿನಲ್ಲಿ ಬರೆದಿಟ್ಟರು. ಓದು ಬರಹ ಕಲಿತವರೊಬ್ಬರು ಇದ್ದುದರಿಂದ ಬಂಗಾಳಕ್ಕೆ ಆ ನೆನಪು ಉಳಿಯಿತು.

ಕಲ್ಲಿನ ಮೇಲೆ ಅಂಕಿ

ಯುದ್ಧ ಮುಗಿದ ಮೇಲೆ ಸಮಾಧಿಯಿಲ್ಲದೆ ಸತ್ತವರಿಗಾಗಿ ಬಸ್ರಾದಲ್ಲಿ ದೊಡ್ಡ ಸ್ಮಾರಕ ಕಟ್ಟಿದರು. 1929ರ ಮಾರ್ಚ್ 27ರಂದು ಅದರ ಅನಾವರಣವಾಯಿತು. ಅದು 40,000ಕ್ಕೂ ಹೆಚ್ಚು ಮಂದಿಯ ನೆನಪಿಗೆ ನಿಂತದ್ದು. ಇಂಗ್ಲಿಷ್ ಸಿಪಾಯಿಗಳೆಲ್ಲರ ಹೆಸರು ಅಲ್ಲಿ ಕೆತ್ತಲ್ಪಟ್ಟಿತು. ಭಾರತೀಯರಲ್ಲಿ ಜಮಾದಾರ, ಸುಬೇದಾರ ಮುಂತಾದ ಅಧಿಕಾರಿಗಳ ಹೆಸರೂ ಬಂತು. ಹವಾಲ್ದಾರ, ನಾಯಕ, ಸಿಪಾಯಿಗಳ ಹೆಸರು ಬರಲಿಲ್ಲ. ಆಯಾ ಪಲ್ಟನಿನ ಹೆಸರಿನ ಕೆಳಗೆ ‘ಮತ್ತು ಇಷ್ಟು ಮಂದಿ ಇತರ ಭಾರತೀಯ ಸಿಪಾಯಿಗಳು’ ಎಂದು ಅಂಕಿ ಬರೆದು ಮುಗಿಸಿದರು. ಹಾಗೆ ಅಂಕಿಯಾದವರು 33,000ಕ್ಕೂ ಹೆಚ್ಚು.

ಹೆಸರು ಕೆತ್ತುವುದು ಸಾಧ್ಯವಿರಲಿಲ್ಲ ಎನ್ನೋಣವೆಂದರೆ, ಅದೇ ಯುದ್ಧಸಮಾಧಿ ಆಯೋಗವು ಫ್ರಾನ್ಸಿನ ನವ್ ಶಾಪೆಲ್ ಎಂಬಲ್ಲಿ 1927ರಲ್ಲಿ ತೆರೆದ ಸ್ಮಾರಕದಲ್ಲಿ 4,700ರಷ್ಟು ಭಾರತೀಯ ಸೈನಿಕರ ಹೆಸರುಗಳನ್ನು ಕೆತ್ತಿಸಿತ್ತು. ಯುರೋಪಿನ ಪ್ರವಾಸಿಗಳು ನೋಡುವ ಕಡೆ ಹೆಸರು, ನೋಡದ ಕಡೆ ಸಂಖ್ಯೆ. ಸತ್ತವರಲ್ಲಿ ಹೆಚ್ಚು ಕಡಿಮೆಯಿಲ್ಲ ಎಂಬುದು ಆ ಆಯೋಗದ ಮೂಲ ತತ್ವವೇ ಆಗಿತ್ತು. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವೆಂದು ಈಗ ಹೆಸರಿರುವ ಆ ಸಂಸ್ಥೆ 2021ರ ಏಪ್ರಿಲ್ ತಿಂಗಳಲ್ಲಿ ತನ್ನ ವರದಿಯೊಂದರಲ್ಲಿ, ಏಷ್ಯಾ ಆಫ್ರಿಕಗಳ ಸೈನಿಕರನ್ನು ಸಮಾನವಾಗಿ ಸ್ಮರಿಸಲಿಲ್ಲವೆಂದೂ ಅದರ ಹಿಂದೆ ಆ ಕಾಲದ ಪೂರ್ವಗ್ರಹ ಇತ್ತೆಂದೂ ಒಪ್ಪಿಕೊಂಡು ಕ್ಷಮೆ ಕೇಳಿತು. ಒಪ್ಪಿಕೊಳ್ಳಲು ತೊಂಬತ್ತೆರಡು ವರ್ಷ ಹಿಡಿಯಿತು.

ಕೂತಿನಲ್ಲಿ ಸೆರೆಯಾದವರಲ್ಲಿ ಆಸ್ಟ್ರೇಲಿಯದ ವಿಮಾನ ದಳದ ಒಂಬತ್ತು ಮಂದಿ ಯಂತ್ರ ಕೆಲಸಗಾರರೂ ಇದ್ದರು. ಹೆಚ್ಚಿನವರು ಮರಳಲಿಲ್ಲ. ಅವರ ದೇಶದ ರಾಜಧಾನಿ ಕ್ಯಾನ್‌ಬೆರಾದಲ್ಲಿ 1941ರಲ್ಲಿ ತೆರೆದ ಯುದ್ಧಸ್ಮಾರಕವಿದೆ. ಅದರ ಗೋಡೆಗಳಲ್ಲಿ ಕಂಚಿನ ಫಲಕಗಳ ಮೇಲೆ ಒಂದು ಲಕ್ಷಕ್ಕೂ ಮಿಕ್ಕಿದ ಹೆಸರುಗಳಿವೆ. ಜನರಲ್ ಆಗಲಿ, ಯಂತ್ರ ಕೆಲಸಗಾರನಾಗಲಿ ಹೆಸರಿನ ಜೊತೆ ದರ್ಜೆಯನ್ನು ಬರೆದಿಲ್ಲ. ಸಣ್ಣ ಸಣ್ಣ ಪಲ್ಟನುಗಳ ಚರಿತ್ರೆಯನ್ನೂ ಆ ದೇಶದವರು ಬರೆದಿಟ್ಟುಕೊಂಡಿದ್ದಾರೆ. ಒಂದೇ ಕೂತಿನಲ್ಲಿ, ಒಂದೇ ಹಸಿವಿನಲ್ಲಿ ಸತ್ತವರು. ಒಬ್ಬನಿಗೆ ಹೆಸರು ಉಳಿಯಿತು, ಇನ್ನೊಬ್ಬನು ಲೆಕ್ಕಕ್ಕೆ ಸೇರಿದ.

ತಾಯ್ನಾಡಿನಲ್ಲಾದರೂ ಹೆಸರು ಉಳಿಯಿತೇ? ಯುದ್ಧಾನಂತರ ಸರಕಾರವು ಸಿಪಾಯಿಗಳನ್ನು ಕಳಿಸಿದ ಹಳ್ಳಿಗಳಲ್ಲಿ ಸಣ್ಣ ಕಲ್ಲುಗಳನ್ನು ನಿಲ್ಲಿಸಿತು. ಮರಾಠಿ ಸೀಮೆಯ ಅನೇಕ ಊರುಗಳಲ್ಲಿ ಅವು ಇಂದಿಗೂ ಇವೆ. ಈ ಊರಿನಿಂದ ಇಷ್ಟು ಮಂದಿ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಮಂದಿ ಪ್ರಾಣ ಕೊಟ್ಟರು ಎಂದು ಅವುಗಳ ಒಕ್ಕಣೆ. ಅಲ್ಲಿಯೂ ಎರಡು ಅಂಕಿಗಳೇ. ಸಾತಾರಾ ಜಿಲ್ಲೆಯ ಅಪಶಿಂಗೆ ಎಂಬ ಹಳ್ಳಿಯಿಂದ ಹೋದವರಲ್ಲಿ 46 ಮಂದಿ ಆ ಯುದ್ಧದಲ್ಲಿ ಸತ್ತರು. ಆ ಊರನ್ನು ಜನ ಈಗ ‘ಅಪಶಿಂಗೆ ಮಿಲಿಟರಿ’ ಎಂದೇ ಕರೆಯುತ್ತಾರೆ.

ನಮ್ಮ ಹಿರಿಯರ ಕ್ರಮ

ಕನ್ನಡ ನಾಡಿನಲ್ಲಿ ಸತ್ತವರನ್ನು ನೆನೆಯುವ ಕ್ರಮ ಬೇರೆಯಾಗಿತ್ತು. ಕೆರೆಯ ಏರಿಯ ಮೇಲೆ, ಗುಡಿಯ ಮಗ್ಗುಲಲ್ಲಿ ಕಾಣುವ ವೀರಗಲ್ಲುಗಳನ್ನು ನಮ್ಮ ಓದುಗರು ನೋಡಿಯೇ ಇರುತ್ತಾರೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಅವನು ಶಿವನ ಸನ್ನಿಧಿಯಲ್ಲಿ ಕುಳಿತಿರುವುದು. ಬರಹವಿರುವ ಕಲ್ಲುಗಳಲ್ಲಿ ಸತ್ತವನು ಯಾರು, ಯಾರ ಮಗ, ಯಾವ ಕಾಳಗ ಎಂಬುದಿರುತ್ತದೆ. ಸತ್ತವನು ಅರಸನಾಗಿರಬೇಕೆಂದಿಲ್ಲ. ಊರ ದನಗಳನ್ನು ಕಳ್ಳರಿಂದ ಬಿಡಿಸಲು ಹೋದ ಸಾಮಾನ್ಯನಿಗೂ ಕಲ್ಲು ನಿಂತಿದೆ.

ಬೆಂಗಳೂರಿನ ಸಮೀಪದ ಬೇಗೂರಿನಲ್ಲಿ ಸುಮಾರು ಕ್ರಿ.ಶ. 890ರ ಒಂದು ಶಾಸನವಿದೆ. ಗಂಗರ ಅಧಿಕಾರಿ ನಾಗತ್ತರನ ಕಡೆಯ ಬುಟ್ಟಣಸೆಟ್ಟಿ ಎಂಬವನು ಬೆಂಗಳೂರಿನ ಕಾಳಗದಲ್ಲಿ ಸತ್ತನೆಂದು ಅದು ತಿಳಿಸುತ್ತದೆ. ಬೆಂಗಳೂರು ಎಂಬ ಹೆಸರು ಸಿಗುವ ಅತಿ ಹಳೆಯ ದಾಖಲೆ ಅದೇ. ಒಬ್ಬ ಸೇವಕನ ಹೆಸರನ್ನು ಉಳಿಸಹೋಗಿ ಒಂದು ಮಹಾನಗರದ ಹೆಸರೂ ಉಳಿಯಿತು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 949ರ ಸುಮಾರಿನದು. ಮಣಲೆರ ಎಂಬ ವೀರನ ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತಾಗ ಅದರ ನೆನಪಿಗೆ ಕಲ್ಲು ನೆಟ್ಟು ಭೂಮಿಯನ್ನೂ ಬಿಟ್ಟರು. ಸಾವಿರ ವರ್ಷದ ಹಿಂದೆ ಸತ್ತ ಒಂದು ನಾಯಿಯ ಹೆಸರು ನಮಗೆ ಗೊತ್ತಿದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಸತ್ತ 33,000 ಮನುಷ್ಯರ ಹೆಸರು ಅವರ ಸ್ಮಾರಕದ ಮೇಲೆ ಇಲ್ಲ.

ಪರರ ಸಾಮ್ರಾಜ್ಯಕ್ಕಾಗಿ ಕಾದಿದವರನ್ನು ನಾವೇಕೆ ನೆನೆಯಬೇಕೆಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಆ ಯುದ್ಧ ನಮ್ಮದಲ್ಲ. ಅದನ್ನು ಹೊಗಳುವ ಅಗತ್ಯವೂ ಇಲ್ಲ. ಆದರೆ ಸತ್ತವರು ನಮ್ಮವರು. ಹನ್ನೊಂದು ರೂಪಾಯಿಗೆ ದುಡಿಯಹೋದ ರೈತನ ಮಗನ ಮೇಲೆ ಸಾಮ್ರಾಜ್ಯದ ಹೊರೆ ಹೊರಿಸಿ ಮರೆತುಬಿಟ್ಟರೆ, ಅಂಕಿ ಕೆತ್ತಿದವರಿಗೂ ನಮಗೂ ಅಂತರವೇನು ಉಳಿಯಿತು?

ಸಂಖ್ಯೆಯ ಮರ್ಮ ನಮ್ಮಂಥವರಿಗೆ ಗೊತ್ತಿರಬೇಕು. ನಾವು ಅಲ್ಪಸಂಖ್ಯಾತರು; ನಮ್ಮನ್ನು ಕರೆಯುವ ಪದದಲ್ಲಿಯೇ ಸಂಖ್ಯೆಯಿದೆ. ಜನಗಣತಿ ಬಂದಾಗ ನಾವು ಒಂದು ಅಂಕಿ, ಶಾಲೆಯಲ್ಲಿ ಕನ್ನಡ ವಿಭಾಗ ಉಳಿಯಬೇಕಾದರೆ ಮಕ್ಕಳು ಒಂದು ಅಂಕಿ. ಅಂಕಿ ಇಳಿದರೆ ಶಾಲೆ ಹೋಗುತ್ತದೆ, ಅರ್ಜಿಯ ನಮೂನೆ ಹೋಗುತ್ತದೆ, ಫಲಕದ ಮೇಲಿನ ಊರ ಹೆಸರೂ ಮೆಲ್ಲನೆ ಬದಲಾಗುತ್ತದೆ. ಮಂಜೇಶ್ವರ ಮಂಜೇಶ್ವರಂ ಆಗುವುದನ್ನು ಕಂಡವರಿಗೆ, ಕರಜಗಿ ಕರಜ್ಗಿ ಆಗುವುದು ತಿಳಿಯದೆ?

ಮಾಡಬಹುದಾದ ಕೆಲಸ

ಆ ಪಲ್ಟನ್ ಮುಂದೇನಾಯಿತೆಂದು ಹೇಳಿಬಿಡೋಣ. ಕೂತಿನ ನಂತರ ಅದನ್ನು ಹೊಸದಾಗಿ ಕಟ್ಟಿದರು. 1922ರಲ್ಲಿ ಅದು 5ನೇ ಮರಾಠಾ ಲೈಟ್ ಇನ್‌ಫೆಂಟ್ರಿಯ 3ನೆಯ ಪಲ್ಟನ್ ಆಯಿತು. ಅದೇ ಹೊತ್ತಿಗೆ ಅದರ ಸೋದರ ಪಲ್ಟನಾದ 114ನೆಯದು ತರಬೇತಿಯ ಪಲ್ಟನಾಗಿ ಬೆಳಗಾವಿಯಲ್ಲಿ ನೆಲೆಸಿತು. ಇಂದಿನ ಮರಾಠಾ ರೆಜಿಮೆಂಟಿನ ಕೇಂದ್ರಕ್ಕೆ ಅದೇ ಮೂಲ. ಎರಡನೆಯ ಮಹಾಯುದ್ಧದಲ್ಲಿ ನಮ್ಮ ಪಲ್ಟನ್ ಆಫ್ರಿಕದ ಕೆರೆನ್ ಬೆಟ್ಟಗಳಲ್ಲಿಯೂ ಇಟಲಿಯಲ್ಲಿಯೂ ಕಾದಿತು. ಇಟಲಿಯಲ್ಲಿ 1944ರ ಜುಲೈ 10ರಂದು ಮಡಿದ ಅದರ ನಾಯಕ ಯಶವಂತ ಘಾಡ್ಗೆಗೆ ವಿಕ್ಟೋರಿಯಾ ಕ್ರಾಸ್ ಬಂತು. ಸ್ವತಂತ್ರ ಭಾರತದಲ್ಲಿ ಅದು ಪ್ಯಾರಾಶೂಟ್ ರೆಜಿಮೆಂಟಿನ 2ನೆಯ ಪಲ್ಟನ್ ಎನಿಸಿತು. 1971ರ ಡಿಸೆಂಬರ್ 11ರಂದು ಬಾಂಗ್ಲಾದೇಶದ ಟಂಗಾಯಿಲಿನಲ್ಲಿ ಆಕಾಶದಿಂದ ಇಳಿದವರು ಈ ಪಲ್ಟನಿನವರೇ. ವಿಮಾನದಿಂದ ಬೀಳುವ ಹಿಟ್ಟಿಗಾಗಿ ಕಾದು ಕುಳಿತವರ ಪಲ್ಟನ್ ಮುಂದೆ ವಿಮಾನದಿಂದಲೇ ಇಳಿಯಿತು.

ಪಲ್ಟನಿಗೆ ಹೆಸರು ಬಂತು. ಕೂತಿನ ಸಿಪಾಯಿಗಳಿಗೆ ಬರಬೇಕಾದುದು ಬಾಕಿಯಿದೆ. ಸಮಾಧಾನದ ಸಂಗತಿಯೆಂದರೆ ಕಲ್ಲಿನ ಮೇಲೆ ಇಲ್ಲದ ಹೆಸರುಗಳು ಆಯೋಗದ ಪುಸ್ತಕಗಳಲ್ಲಿ ಇವೆ. ಇಂದು ಅವನ್ನು ಅಂತರಜಾಲದಲ್ಲಿ ಯಾರೂ ಹುಡುಕಿ ನೋಡಬಹುದು. ಎಷ್ಟೋ ನಮೂದುಗಳಲ್ಲಿ ತಂದೆಯ ಹೆಸರು, ಊರು, ತಾಲೂಕು, ಜಿಲ್ಲೆಗಳೂ ಸಿಗುತ್ತವೆ. ಆದರೆ ಎಲ್ಲವೂ ಇಂಗ್ಲಿಷ್ ಗುಮಾಸ್ತನ ಕಿವಿಗೆ ಕೇಳಿದಂತೆ ಬರೆದದ್ದು. ಕನ್ನಡದ ಊರ ಹೆಸರುಗಳು ಅಲ್ಲಿ ಗುರುತು ಹತ್ತದಷ್ಟು ಕೆಟ್ಟಿವೆ. ಅವನ್ನು ಬಿಡಿಸಿ ಓದುವುದು ದೆಹಲಿಯವರಿಂದಾಗಲಿ ಲಂಡನ್ನಿನವರಿಂದಾಗಲಿ ಆಗುವ ಕೆಲಸವಲ್ಲ. ಆ ಸೀಮೆಯ ಮಾತು ಬಲ್ಲವರಿಂದ ಮಾತ್ರ ಸಾಧ್ಯ. ಅಕ್ಕಲಕೋಟೆ, ಜತ್ತ, ಸೊಲ್ಲಾಪುರಗಳ ಕನ್ನಡ ಶಾಲೆಗಳ ಒಂಬತ್ತನೆಯ ತರಗತಿಯ ಮಕ್ಕಳು ಇತಿಹಾಸದ ಪಾಠವೆಂದು ಈ ಕೆಲಸವನ್ನು ಕೈಗೆತ್ತಿಕೊಂಡರೆ ಒಂದು ವರ್ಷದಲ್ಲಿ ಎಷ್ಟೋ ಊರುಗಳ ಪಟ್ಟಿ ಸಿದ್ಧವಾದೀತು.

ಮನೆಗಳಲ್ಲಿಯೂ ಹುಡುಕಬೇಕು. ಯುದ್ಧಕ್ಕೆ ಹೋದವನಿಗೆ, ಸತ್ತಿದ್ದರೆ ಅವನ ವಾರಸುದಾರರಿಗೆ, ಬೆಳ್ಳಿಯ ಪದಕವೊಂದನ್ನು ಕೊಟ್ಟಿದ್ದರು. ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿದರೆ ಸಿಪಾಯಿಯ ಸಂಖ್ಯೆ, ದರ್ಜೆ, ಹೆಸರು, ಪಲ್ಟನ್ ಇವು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುತ್ತವೆ. ಸತ್ತವನ ಮನೆಗೆ ಊಟದ ಸಣ್ಣ ಬಟ್ಟಲಿನಷ್ಟು ಅಗಲದ ದುಂಡನೆಯ ಕಂಚಿನ ಫಲಕವನ್ನೂ ಕಳಿಸಿದ್ದರು. ಅದರ ಮೇಲೆ ಸಿಂಹದ ಚಿತ್ರವಿದೆ. ಪಕ್ಕದ ಚೌಕದಲ್ಲಿ ದರ್ಜೆಯಿಲ್ಲದೆ ಸತ್ತವನ ಹೆಸರು ಮಾತ್ರ ಇದೆ. ದೇವರ ಕೋಣೆಯ ಹಳೆಯ ಪೆಟ್ಟಿಗೆಗಳಲ್ಲಿ, ಅಟ್ಟದ ಮೇಲೆ ಇಂಥವು ಇನ್ನೂ ಬಿದ್ದಿರಬಹುದು. ಗುಜರಿಯವನಿಗೆ ತೂಕಕ್ಕೆ ಹಾಕುವ ಮುನ್ನ ಒಮ್ಮೆ ಅಂಚನ್ನು ಓದಬೇಕು. ನಮ್ಮ ಜಿಲ್ಲೆಯಲ್ಲಿಯೂ ದಂಡಿಗೆ ಹೋದವರ ಮನೆಗಳಿವೆ. ನಮ್ಮ ಓದುಗರಿಗೂ ಈ ಮಾತು ಅನ್ವಯಿಸುತ್ತದೆ.

ಇಂಗ್ಲಿಷಿನಲ್ಲಿ ಕೆಟ್ಟುಹೋದ ಒಂದು ಹೆಸರನ್ನು ಸರಿಯಾಗಿ ಓದಿ, ಅವನ ಊರನ್ನು ಗುರುತಿಸಿ, ಊರ ಶಾಲೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆದರೆ ಅಷ್ಟೇ ಸಾಕು. ಅದಕ್ಕೆ ಸರಕಾರದ ಅಪ್ಪಣೆ ಬೇಡ, ಆಯೋಗದ ವರದಿ ಬೇಡ, ಗಡಿ ಬದಲಾಗಬೇಕಾಗಿಯೂ ಇಲ್ಲ.